ಕಲ್ಲುಗೋಡೆಯ ದ್ರಾಕ್ಷಿ, ಕಡಲಿನ ಮೀನು

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಜಿನೋವಾ ನಗರದಿಂದ ಲಾ ಸ್ಪೇಜಿಯಾದ ಕಡೆಗೆ ಹೊರಟ ರೈಲು ಲೆವಾಂತೊ ಎಂಬ ಊರನ್ನು ದಾಟಿದೊಡನೆ ಬೆಟ್ಟದ ಒಡಲನ್ನು ಹೊಗುತ್ತದೆ. ಅಲ್ಲಿಂದ ಮುಂದೆ ಪ್ರಯಾಣವೆಂದರೆ ಕತ್ತಲೆ ಬೆಳಕುಗಳ ಕಣ್ಣುಮುಚ್ಚಾಲೆ. ಒಮ್ಮೆ ಸುರಂಗದ ಕಪ್ಪು. ಅರೆಗಳಿಗೆ ಕಿಟಕಿಯ ತುಂಬ ಕಡಲಿನ ನೀಲಿ. ಮರುಗಳಿಗೆಯೇ ಮತ್ತೆ ಸುರಂಗ. ಪ್ರಯಾಣಿಕನು 'ಆಹಾ' ಎಂದು ಬಾಯಿ ತೆರೆಯುವಷ್ಟರಲ್ಲಿ ಆ ನೀಲಿ ಮಾಯವಾಗಿರುತ್ತದೆ. ಕೊನೆಗೆ ಎರಡು ಸುರಂಗಗಳ ನಡುವಣ ಕಿರಿದಾದೊಂದು ನಿಲ್ದಾಣದಲ್ಲಿ ಗಾಡಿ ನಿಲ್ಲುತ್ತದೆ. ಕೆಳಗಿಳಿದವನ ಮೂಗಿಗೆ ಮೊದಲು ತಾಗುವುದು ಉಪ್ಪುಗಾಳಿ. ಕಣ್ಣಿಗೆ ಮೊದಲು ಬೀಳುವುದು ಆಕಾಶಕ್ಕೆ ಏಣಿ ಹಾಕಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬೆಟ್ಟ.

ಇದು ಚಿಂಕ್ವೆ ತೆರ್ರೆ. ಮಾತಿನ ಅರ್ಥ 'ಐದು ನೆಲಗಳು' ಎಂದು. ಮೊಂತೆರೊಸ್ಸೊ, ವೆರ್ನಾಟ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೋಮಜ್ಜೋರೆ ಎಂಬ ಐದು ಹಳ್ಳಿಗಳು ಬೆಟ್ಟಕ್ಕೂ ಕಡಲಿಗೂ ನಡುವೆ ದೊರೆತಷ್ಟೇ ಎಡೆಯಲ್ಲಿ ಅವಚಿಕೊಂಡು ಕುಳಿತಿವೆ. 1874ರಲ್ಲಿ ರೈಲುಮಾರ್ಗ ತೆರೆಯುವ ಮುನ್ನ ಇಲ್ಲಿಗೆ ಬರಬೇಕಾದರೆ ಎರಡೇ ದಾರಿಗಳು: ಒಂದು ದೋಣಿ, ಇನ್ನೊಂದು ಹೇಸರಗತ್ತೆ ನಡೆಯುವ ಕಾಲುದಾರಿ. ಹೀಗೆ ಲೋಕದಿಂದ ದೂರವಾಗಿದ್ದ ಹಳ್ಳಿಗರು ತಮ್ಮ ಊಟವನ್ನು ತಮ್ಮ ಬೆಟ್ಟದಿಂದಲೂ ತಮ್ಮ ಕಡಲಿನಿಂದಲೂ ಪಡೆಯಬೇಕಾಯಿತು. ಬೆಟ್ಟ ಕೊಟ್ಟದ್ದು ಬಿಳಿಯ ದ್ರಾಕ್ಷಾಸವ. ಕಡಲು ಕೊಟ್ಟದ್ದು ಮೀನು. ಇಂದು ದೂರದೇಶಗಳ ರಸಿಕರು 'ಮೀನಿಗೆ ಇಟಲಿಯ ತಿಳಿಯಾದ ಬಿಳಿ ವೈನ್ ಒಪ್ಪುತ್ತದೆ' ಎಂದು ಶಾಸ್ತ್ರವಾಕ್ಯದಂತೆ ನುಡಿಯುತ್ತಾರೆ. ಆ ಶಾಸ್ತ್ರ ಹುಟ್ಟಿದ್ದು ಪಂಡಿತರ ಮೇಜಿನ ಮೇಲಲ್ಲ. ಬೇರೇನೂ ಇಲ್ಲದ ಇಂತಹ ಮನೆಗಳ ಅಡುಗೆಕೋಣೆಗಳಲ್ಲಿ, ಬಡತನವೇ ಗುರುವಾಗಿ, ಅದು ಹುಟ್ಟಿತು.

ನೆಲವನ್ನೇ ಕಟ್ಟಿದ ಜನ

ಬೆಟ್ಟದ ಮೆಟ್ಟಿಲುಗಳನ್ನು ದೂರದಿಂದ ನೋಡಿದರೆ ಪ್ರಕೃತಿಯೇ ಕೊರೆದಿಟ್ಟ ಚಿತ್ರವೆಂದು ಭ್ರಮೆಯಾದೀತು. ಹತ್ತಿರ ಹೋದರೆ ನಿಜ ತಿಳಿಯುತ್ತದೆ. ಪ್ರತಿಯೊಂದು ಮೆಟ್ಟಿಲಿನ ಅಂಚಿಗೂ ಒಂದು ಕಲ್ಲುಗೋಡೆ. ಗೋಡೆಯ ಹಿಂದೆ ಒಂದು ಹಿಡಿ ಮಣ್ಣು. ಮಣ್ಣಿನಲ್ಲಿ ಒಂದು ಸಾಲು ಬಳ್ಳಿ. ಗೋಡೆಗೆ ಗಾರೆಯಿಲ್ಲ, ಸುಣ್ಣವಿಲ್ಲ. ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ, ಸಂದಿಗೆ ಚಿಕ್ಕ ಕಲ್ಲನ್ನು ತುರುಕಿ, ಭಾರದಿಂದಲೇ ಭಾರವನ್ನು ನಿಲ್ಲಿಸಿದ ಕೆಲಸ. ಗಾರೆಯಿಲ್ಲದಿರುವುದು ಕೊರತೆಯಲ್ಲ, ಜಾಣತನ. ಮಳೆಯ ನೀರು ಕಲ್ಲುಗಳ ನಡುವೆ ಸೋರಿ ಹೊರಗೆ ಹೋಗುತ್ತದೆ. ಹೋಗಲು ಎಡೆಯಿರುವುದರಿಂದಲೇ ಅದು ಗೋಡೆಯನ್ನು ತಳ್ಳಿ ಕೆಡಹುವುದಿಲ್ಲ.

ಸುಮಾರು ಸಾವಿರ ವರ್ಷಗಳ ಹಿಂದೆ ಈ ಕೆಲಸ ಆರಂಭವಾಯಿತು. ಕಾಡನ್ನು ಕಡಿದು, ಬಂಡೆಯನ್ನು ಒಡೆದು, ಒಡೆದ ಕಲ್ಲಿನಿಂದ ಗೋಡೆ ಕಟ್ಟಿ, ಉಳಿದ ಪುಡಿಯನ್ನು ಮಣ್ಣೆಂದು ಹಿಂದೆ ತುಂಬಿದರು. ತಲೆಮಾರಿನ ಮೇಲೆ ತಲೆಮಾರು ಹೀಗೆ ದುಡಿದು ಕಟ್ಟಿದ ಗೋಡೆಗಳನ್ನೆಲ್ಲ ಒಂದೇ ಸಾಲಾಗಿ ಜೋಡಿಸಿದರೆ ಆ ಉದ್ದವನ್ನು ಸಾವಿರಾರು ಕಿಲೋಮೀಟರುಗಳಲ್ಲಿ ಎಣಿಸಬೇಕಾಗುತ್ತದೆ. ಇಲ್ಲಿ ಅರಸನ ಆಜ್ಞೆಯಿರಲಿಲ್ಲ, ಸೈನ್ಯದ ಬಲವಿರಲಿಲ್ಲ. ಒಂದೊಂದು ಸಂಸಾರ ತನ್ನ ತನ್ನ ಅಂಗೈಯಗಲದ ತೋಟಕ್ಕಾಗಿ ಕಟ್ಟಿಕೊಂಡ ಗೋಡೆಗಳು ಕೂಡಿ ಒಂದು ಬೆಟ್ಟಸಾಲನ್ನೇ ಮರುರೂಪಿಸಿದವು.

ಈ ತೋಟಗಳಲ್ಲಿ ನೇಗಿಲಿಗೆ ಎಡೆಯಿಲ್ಲ, ಎತ್ತಿಗೆ ದಾರಿಯಿಲ್ಲ. ಗೊಬ್ಬರವನ್ನು ಹೊತ್ತು ಏರಬೇಕು. ಹಣ್ಣನ್ನು ಹೊತ್ತು ಇಳಿಯಬೇಕು. ಹಿಂದಿನ ಕಾಲದಲ್ಲಿ ಹೆಂಗಸರು ದ್ರಾಕ್ಷಿ ತುಂಬಿದ ಬುಟ್ಟಿಗಳನ್ನು ತಲೆಯ ಮೇಲಿಟ್ಟುಕೊಂಡು, ಒಂದು ಕಡೆ ಗೋಡೆ ಇನ್ನೊಂದು ಕಡೆ ಪ್ರಪಾತವಿರುವ ಮೆಟ್ಟಿಲುಗಳಲ್ಲಿ ಇಳಿದು ಬರುತ್ತಿದ್ದರು. ಕೆಲವೆಡೆ ಹಣ್ಣಿನ ಬುಟ್ಟಿಯನ್ನು ಹಗ್ಗದಿಂದ ಕೆಳಗೆ ಬಿಟ್ಟು ಕಡಲಲ್ಲಿ ಕಾದಿದ್ದ ದೋಣಿಗೆ ಇಳಿಸುವುದೂ ಇತ್ತು. ಮೀನು ತರುವ ದೋಣಿಯೇ ದ್ರಾಕ್ಷಿಯನ್ನೂ ತರುತ್ತಿತ್ತು! ಬೆಟ್ಟದ ಬೆಳೆಗೂ ಕಡಲಿನ ಬೆಳೆಗೂ ಅಲ್ಲಿಯೇ ನೆಂಟಸ್ತಿಕೆ ಕುದುರಿತೆನ್ನಬೇಕು.

ಐದು ಹಳ್ಳಿಗಳಲ್ಲಿ ಕೊರ್ನೀಲ್ಯಾ ಮಾತ್ರ ಕಡಲಂಚಿನಲ್ಲಿಲ್ಲ. ಸುಮಾರು 100 ಮೀಟರ್ ಎತ್ತರದ ಕೋಡುಗಲ್ಲಿನ ಮೇಲೆ ಅದು ಕುಳಿತಿದೆ. ರೈಲು ನಿಲ್ದಾಣದಿಂದ ಊರಿಗೆ ಹೋಗಲು 33 ತಿರುವುಗಳಲ್ಲಿ 380ರಷ್ಟು ಮೆಟ್ಟಿಲುಗಳನ್ನು ಹತ್ತಬೇಕು. ಏದುಸಿರು ಬಿಡುತ್ತ ಮೇಲೇರಿದ ಪ್ರವಾಸಿಗೆ ಈ ಪುಟ್ಟ ಊರಿನ ಸಾಹಿತ್ಯಖ್ಯಾತಿ ತಿಳಿದಿರಲಾರದು. ಹದಿನಾಲ್ಕನೆಯ ಶತಮಾನದ ಮಹಾಕಥೆಗಾರ ಬೊಕಾಚ್ಚಿಯೊ ತನ್ನ 'ಡೆಕಮೆರಾನ್' ಗ್ರಂಥದಲ್ಲಿ ಕೊರ್ನೀಲ್ಯಾದ ವೈನನ್ನು ಹೆಸರಿಸಿದ್ದಾನೆ. ಹೊಟ್ಟೆನೋವಿನ ಚಿಕಿತ್ಸೆಗೆಂದು ಬಿಸಿನೀರಿನ ಬುಗ್ಗೆಗಳಿಗೆ ಹೊರಟ ಶ್ರೀಮಂತ ಮಠಾಧಿಪತಿಯೊಬ್ಬನನ್ನು ಗೀನೊ ದಿ ತಾಕ್ಕೊ ಎಂಬ ದರೋಡೆಗಾರ ಸೆರೆಹಿಡಿಯುತ್ತಾನೆ. ಸೆರೆಯಲ್ಲಿ ಅವನಿಗೆ ಕೊಡುವುದು ಸುಟ್ಟ ರೊಟ್ಟಿಯ ಎರಡು ಹೋಳು ಮತ್ತು ಕೊರ್ನೀಲ್ಯಾದ ವೈನಿನ ಒಂದು ದೊಡ್ಡ ಬಟ್ಟಲು. ಕೆಲವೇ ದಿನಗಳಲ್ಲಿ ಮಠಾಧಿಪತಿಯ ಕಾಯಿಲೆ ವಾಸಿ! ಆ ಕಾಲದ ವೈನೂ ಇಂದಿನ ವೈನೂ ಒಂದೇ ಎಂದು ಹೇಳಲಾಗದು. ಆದರೆ ಈ ಕಡಿದಾದ ಬೆಟ್ಟದ ಹೆಸರು ಆಗಲೇ ಊರೂರುಗಳಿಗೆ ಹಬ್ಬಿತ್ತೆಂಬುದಂತೂ ಖಂಡಿತ.

ಉಪ್ಪುಗಾಳಿಯ ಬಳ್ಳಿ

ಇಲ್ಲಿ ಬಳ್ಳಿಯನ್ನು ಎತ್ತರದ ಚಪ್ಪರಕ್ಕೆ ಹಬ್ಬಿಸುವುದಿಲ್ಲ. ಕಡಲಗಾಳಿಯ ಹೊಡೆತಕ್ಕೆ ಎತ್ತರದ ಚಪ್ಪರ ನಿಲ್ಲದು. ಆದ್ದರಿಂದ ನೆಲದಿಂದ ಮೊಳದೆರಡು ಮೊಳದೆತ್ತರದಲ್ಲಿಯೇ ತಗ್ಗು ಚಪ್ಪರ ಹಾಕುವುದು ಹಳೆಯ ಪದ್ಧತಿ. ಬಳ್ಳಿಗೆ ಅದು ನೆಮ್ಮದಿ. ಮನುಷ್ಯನಿಗೆ ಅದು ಶಿಕ್ಷೆ. ಗೊಂಚಲು ಕೊಯ್ಯಬೇಕಾದವರು ಸೊಂಟ ಬಗ್ಗಿಸಿದರೆ ಸಾಲದು. ಮಂಡಿಯೂರಿ, ಕೆಲವೊಮ್ಮೆ ತೆವಳಿ, ಚಪ್ಪರದಡಿಗೆ ನುಸುಳಬೇಕು.

ಬೊಸ್ಕೊ, ಅಲ್ಬರೋಲಾ, ವೆರ್ಮೆಂತೀನೊ ಎಂಬ ಮೂರು ಜಾತಿಯ ಬಿಳಿ ದ್ರಾಕ್ಷಿಗಳು ಇಲ್ಲಿ ಮುಖ್ಯ. ಉಪ್ಪುಗಾಳಿಯನ್ನು ತಾಳಿಕೊಂಡು ವೈನಿಗೆ ಮೈಕಟ್ಟನ್ನು ಕೊಡುವುದು ಬೊಸ್ಕೊ. ಹೂವಿನ ಹಾಗೂ ಗಿಡಮೂಲಿಕೆಯ ಪರಿಮಳವನ್ನು ಕೊಡುವುದು ವೆರ್ಮೆಂತೀನೊ. 1973ರಲ್ಲಿ ಇಟಲಿಯ ಸರಕಾರ ಈ ವೈನಿಗೆ ಪ್ರದೇಶನಾಮದ ರಕ್ಷಣೆಯನ್ನು ನೀಡಿತು. ಆ ನಿಯಮದಂತೆ 'ಚಿಂಕ್ವೆ ತೆರ್ರೆ' ಎಂಬ ಹೆಸರು ಹೊತ್ತ ಸೀಸೆಯಲ್ಲಿ ನೂರಕ್ಕೆ 40 ಪಾಲಾದರೂ ಬೊಸ್ಕೊ ಇರಲೇಬೇಕು. ಇದೇ ದ್ರಾಕ್ಷಿಗಳನ್ನು ಕೊಯ್ದು, ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ, ಅಳಿದುಳಿದ ರಸದಿಂದ ತಯಾರಿಸುವ 'ಶಕ್ಕೆತ್ರಾ' ಎಂಬ ಸಿಹಿ ವೈನೂ ಇದೆ. ಅದು ಮದುವೆ ಹಬ್ಬಗಳ ಐಶ್ವರ್ಯ. ದಿನದ ಊಟಕ್ಕೆ ಬರುವುದು ತೆಳುಬಣ್ಣದ, ಸಿಹಿಯಿಲ್ಲದ, ನಾಲಗೆಗೆ ಚುರುಕಾದ ಹುಳಿಯಿರುವ ಬಿಳಿ ವೈನ್. ನುಂಗಿದ ಮೇಲೆ ತುಟಿಯ ಮೇಲೆ ಕಡಲಗಾಳಿ ಸವರಿದಂತೆ ಒಂದು ಉಪ್ಪಿನ ನೆನಪು ಉಳಿಯುತ್ತದೆ. ಅದೇ ಅದರ ಗುರುತು.

ಕಡಲಿನ ರೊಟ್ಟಿ

ಇನ್ನು ಕಡಲಿನ ಕಡೆಗೆ ತಿರುಗಬೇಕು. ಮೊಂತೆರೊಸ್ಸೊ ಈ ಐದರಲ್ಲಿ ಮೀನುಗಾರರ ಊರೆಂದು ಹೆಸರಾದದ್ದು. ಅಲ್ಲಿಯ ಮೀನುಗಳ ರಾಜನು ಗಾತ್ರದಲ್ಲಿ ಬಹಳ ಚಿಕ್ಕವನು: ಗೇಣುದ್ದಕ್ಕೂ ಕಡಿಮೆಯಾದ, ಬೆಳ್ಳಿಯಂತೆ ಹೊಳೆಯುವ ಆಂಚೊವಿ. ಕನ್ನಡ ಕರಾವಳಿಯಲ್ಲಿ 'ಕೊಲ್ಲತರು' ಎಂದು ಕರೆಯುವ ಮೀನಿನ ಬಳಗಕ್ಕೇ ಇದು ಸೇರಿದ್ದು. ಲಿಗೂರಿಯಾದ ಜನ ಇದನ್ನು 'ಕಡಲಿನ ರೊಟ್ಟಿ' ಎಂದು ಕರೆದರು. ರೊಟ್ಟಿಯಿಲ್ಲದ ಮನೆಗೆ ರೊಟ್ಟಿಯಂತೆ ಒದಗಿದ ಮೀನು ಅದು.

ವಸಂತ ಕಳೆದು ಬೇಸಗೆ ಮೊದಲಾಗುವಾಗ ಆಂಚೊವಿಯ ಗುಂಪುಗಳು ದಡದ ಸಮೀಪಕ್ಕೆ ಬರುತ್ತವೆ. ತಿಂಗಳಿಲ್ಲದ ರಾತ್ರಿಗಳಲ್ಲಿ ದೋಣಿಯ ಮೇಲೆ ದೊಡ್ಡ ದೀಪವನ್ನು ಹೊತ್ತಿಸಿಕೊಂಡು ಮೀನುಗಾರರು ಹೊರಡುತ್ತಾರೆ. ಬೆಳಕಿಗೆ ಮರುಳಾಗಿ ಮೀನುಗಳು ಮೇಲೆ ಬರುತ್ತವೆ. ಸುತ್ತ ಬಲೆ ಬೀಳುತ್ತದೆ. ದಡದ ಮೇಲಿನ ಮನೆಯ ಕಿಟಕಿಯಿಂದ ನೋಡಿದರೆ ಆಕಾಶದ ಚುಕ್ಕಿಗಳು ಕೆಲವು ಜಾರಿ ನೀರಿನ ಮೇಲೆ ಕುಳಿತಂತೆ ಕಾಣುತ್ತದೆ.

ಬೆಳಗಾಗುತ್ತಲೇ ಮೀನು ಮನೆಗೆ ಬರುತ್ತದೆ. ಒಂದು ಪಾಲು ಅಂದಿನ ಊಟಕ್ಕೆ, ಉಳಿದದ್ದು ಉಪ್ಪಿಗೆ. ಉಪ್ಪಿನಲ್ಲಿಡುವ ಕೆಲಸ ಉಪ್ಪಿನಕಾಯಿ ಹಾಕುವಷ್ಟೇ ಶ್ರದ್ಧೆಯದು. ಒಂದೊಂದು ಮೀನಿನ ತಲೆಯನ್ನು ಬೆರಳಿನಿಂದ ಮುರಿದು, ಕರುಳನ್ನು ತೆಗೆದು, ಪಾತ್ರೆಯಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು ಎಂದು ಸುತ್ತಿಗೆ ಜೋಡಿಸುತ್ತಾರೆ. ಮೇಲೆ ಕಪ್ಪು ಹಾಸುಗಲ್ಲಿನ ಬಿಲ್ಲೆಯನ್ನಿಟ್ಟು ಅದರ ಮೇಲೆ ಭಾರ ಹೇರುತ್ತಾರೆ. ಸುಮಾರು ಎರಡು ತಿಂಗಳಲ್ಲಿ ಮೀನು ಹದಗೊಂಡು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಲಿಗೂರಿಯಾ ಕಡಲಿನ ಈ ಉಪ್ಪುಮೀನಿಗೆ 2008ರಲ್ಲಿ ಯೂರೋಪಿನ ಒಕ್ಕೂಟ ಪ್ರದೇಶನಾಮದ ಮಾನ್ಯತೆಯನ್ನು ಕೊಟ್ಟಿತು.

ಈ ಮೊಂತೆರೊಸ್ಸೊದಲ್ಲಿಯೇ ಕವಿ ಎವುಜೇನಿಯೊ ಮೊಂತಾಲೆ ತನ್ನ ಬಾಲ್ಯದ ಬೇಸಗೆಗಳನ್ನು ಕಳೆದನು. 1925ರಲ್ಲಿ ಪ್ರಕಟವಾದ ಅವನ ಮೊದಲ ಕವನಸಂಗ್ರಹದ ಹೆಸರು 'ಕಪ್ಪೆಬೊಂಡಾಸದ ಎಲುಬುಗಳು' ಎಂಬರ್ಥದ್ದು. ಅಲೆಗಳು ಸವೆಯಿಸಿ ದಡಕ್ಕೆಸೆದ ಆ ಬಿಳಿಯ ಎಲುಬುಗಳು ಬೀಸುಬಿಸಿಲು, ಒಣಗೋಡೆ, ಉಪ್ಪುಗಾಳಿಗಳ ಈ ನೆಲದ ಕಟುಸೌಂದರ್ಯಕ್ಕೆ ತಕ್ಕ ಸಂಕೇತವಾದವು. 1975ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಮನೆಯ ಮೇಜಿನ ಮೇಲೆ

ಮೀನೂ ಬಂತು, ವೈನೂ ಬಂತು. ಇವೆರಡೂ ಕೂಡುವ ಬಗೆಯನ್ನು ನೋಡಲು ವೆರ್ನಾಟ್ಸಾದ ಅಡುಗೆಮನೆಗಿಂತ ಒಳ್ಳೆಯ ಸ್ಥಳ ಬೇರಿಲ್ಲ. ಆ ಊರಿನ ಸ್ವಂತ ಅಡುಗೆಯ ಹೆಸರು 'ತ್ಯಾನ್'. ಹೆಸರು ಅಡುಗೆಯದಲ್ಲ, ಅಗಲಬಾಯಿಯ ತಗ್ಗು ಪಾತ್ರೆಯದು. ಗೃಹಿಣಿಯು ಮೊದಲು ಆಂಚೊವಿಯ ಹೊಟ್ಟೆಗೆ ಹೆಬ್ಬೆರಳನ್ನು ಹೊಗಿಸಿ ಒಂದೇ ಎಳೆತದಲ್ಲಿ ನಡುಮುಳ್ಳನ್ನು ತೆಗೆದು, ಮೀನನ್ನು ಪುಸ್ತಕದಂತೆ ತೆರೆಯುತ್ತಾಳೆ. ಪಾತ್ರೆಯ ತಳದಲ್ಲಿ ಆಲಿವ್ ಎಣ್ಣೆ. ಅದರ ಮೇಲೆ ತೆಳುವಾಗಿ ಬಿಲ್ಲೆ ಹೆಚ್ಚಿದ ಆಲೂಗಡ್ಡೆ. ಅದರ ಮೇಲೆ ಆಂಚೊವಿ. ಮತ್ತೆ ಟೊಮೆಟೊ ಹೋಳುಗಳು, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು. ಎಲ್ಲ ಜೋಡಿಸಿದ ಮೇಲೆ ಒಂದು ಬಟ್ಟಲು ಬಿಳಿ ವೈನನ್ನು ಸುರಿದು ಒಲೆಗೆ ಸೇರಿಸುತ್ತಾಳೆ. ಆಲೂಗಡ್ಡೆ ಮೆತ್ತಗಾಗುವ ಹೊತ್ತಿಗೆ ವೈನಿನ ಅಮಲು ಬಹುಮಟ್ಟಿಗೆ ಆವಿಯಾಗಿ ಹೋಗಿ, ಹುಳಿ ಮಾತ್ರ ಸಾರಿನಲ್ಲಿ ನಿಂತಿರುತ್ತದೆ. ಉಳಿದ ಸೀಸೆ ಮೇಜಿಗೆ ಬರುತ್ತದೆ. ಅಡುಗೆಗೆ ಸುರಿದದ್ದೂ ಬಟ್ಟಲಿಗೆ ಬಗ್ಗಿಸಿದ್ದೂ ಒಂದೇ ಆದುದರಿಂದ ಎರಡರ ನಡುವೆ ಹೊಂದಾಣಿಕೆಗೆ ಬೇರೆ ಮಧ್ಯಸ್ಥರು ಬೇಕಿಲ್ಲ.

ಆಲೂಗಡ್ಡೆಯೂ ಟೊಮೆಟೊವೂ ಅಮೆರಿಕ ಖಂಡದಿಂದ ಬಂದವು. ಬೊಕಾಚ್ಚಿಯೊವಿನ ಕಾಲದವರು ಅವನ್ನು ಕಂಡವರಲ್ಲ. ಹೊಸ ನೆಂಟರು ಬಂದು ಮನೆಯವರೇ ಆದರು; ಆದರೆ ಮೀನು ಮತ್ತು ವೈನು ಮೂಲ ನಿವಾಸಿಗಳು.

ಈ ಜೋಡಿ ಏಕೆ ಒಪ್ಪುತ್ತದೆ? ಅನುಭವ ಕಂಡುಕೊಂಡದ್ದಕ್ಕೆ ರಸಾಯನಶಾಸ್ತ್ರ ಈಗ ಕಾರಣ ಹೇಳುತ್ತದೆ. ಕಡಲ ಮೀನು ಹಳತಾಗುತ್ತ ಬಂದಂತೆ ಅದರಲ್ಲಿ ಟ್ರೈಮೀಥೈಲಮೀನ್ ಎಂಬ ವಸ್ತು ಹುಟ್ಟುತ್ತದೆ. ಮೀನುವಾಸನೆ ಎಂದು ಜನ ಮೂಗು ಮುಚ್ಚಿಕೊಳ್ಳುವುದು ಬಹುಮಟ್ಟಿಗೆ ಅದರಿಂದಲೇ. ಅದು ಕ್ಷಾರಗುಣದ್ದು. ಹುಳಿ ಸೇರಿದೊಡನೆ ಅದು ಲವಣವಾಗಿ ಮಾರ್ಪಟ್ಟು, ಆವಿಯಾಗಿ ಮೂಗನ್ನು ತಲುಪುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೀನಿಗೆ ನಿಂಬೆ ಹಿಂಡುವುದರ ಗುಟ್ಟು ಇದು. ಮಂಗಳೂರಿನ ಮನೆಗಳಲ್ಲಿ ಮೀನಿನ ಸಾರಿಗೆ ಹುಣಸೆಯನ್ನೋ ಪುನರ್ಪುಳಿಯನ್ನೋ ಹಾಕುವುದರ ಗುಟ್ಟೂ ಇದೇ. ವೈನಿನಲ್ಲಿರುವ ಟಾರ್ಟಾರಿಕ್ ಆಮ್ಲವು ಹುಣಸೆಹಣ್ಣಿನಲ್ಲಿಯೂ ಇರುವ ಆಮ್ಲ. ಎರಡು ಕಡಲುಗಳ ದಡದಲ್ಲಿ, ಒಬ್ಬರನ್ನೊಬ್ಬರು ಕಾಣದ ಎರಡು ಊರಿನ ಗೃಹಿಣಿಯರು ಒಂದೇ ಉತ್ತರವನ್ನು ಕಂಡುಕೊಂಡರು!

ಆಂಚೊವಿ ಎಣ್ಣೆಯಂಶ ಹೆಚ್ಚಾಗಿರುವ ಮೀನು. ಹುಳಿಯಾದ ವೈನಿನ ಒಂದು ಗುಟುಕು ಆ ಜಿಡ್ಡನ್ನು ನಾಲಗೆಯಿಂದ ತೊಳೆದು ಮುಂದಿನ ತುತ್ತಿಗೆ ಬಾಯನ್ನು ಅಣಿಗೊಳಿಸುತ್ತದೆ. ಕೆಂಪು ವೈನು ಈ ಕೆಲಸಕ್ಕೆ ಬಾರದೇಕೆ ಎಂಬುದಕ್ಕೆ 2009ರಲ್ಲಿ ಜಪಾನಿನ ಸಂಶೋಧಕರು ಒಂದು ಉತ್ತರ ಕೊಟ್ಟರು. ಬಗೆಬಗೆಯ ವೈನುಗಳನ್ನು ಕಡಲ ಚಿಪ್ಪಿನ ಮಾಂಸದೊಡನೆ ಸವಿದು ನೋಡಿ, ಬಾಯಲ್ಲಿ ಉಳಿಯುವ ಕೆಟ್ಟ ಮೀನುವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶವೇ ಕಾರಣವೆಂದು ಅವರು ತೋರಿಸಿದರು. ಕಬ್ಬಿಣ ಹೆಚ್ಚಿದಷ್ಟೂ ವಾಸನೆ ಹೆಚ್ಚು. ಕೆಂಪು ವೈನುಗಳಲ್ಲಿ ಕಬ್ಬಿಣ ಹೆಚ್ಚಾಗಿರುವುದು ಸಾಮಾನ್ಯ. ಆದರೆ ಬಣ್ಣವೊಂದೇ ತೀರ್ಪಲ್ಲ. ಕಬ್ಬಿಣ ಕಡಿಮೆಯಿರುವ ಕೆಂಪು ವೈನೂ ಉಂಟು. ಅಜ್ಜಿಯ ಮಾತು ಬಹುಪಾಲು ನಿಜ, ಪೂರ್ತಿ ಅಲ್ಲ ಎಂಬುದು ವಿಜ್ಞಾನದ ತೀರ್ಪು.

ಮನೆಯಲ್ಲಿ ಈ ಜೋಡಿಯನ್ನು ಕೂಡಿಸುವವರಿಗೆ ಐದು ಹಳ್ಳಿಗಳ ರೂಢಿ ಕಲಿಸುವ ಪಾಠ ಸರಳವಾದುದು. ವೈನ್ ಎಳೆಯದಾಗಿರಬೇಕು, ಒಂದೆರಡು ವರ್ಷದೊಳಗೇ ಅದರ ಚುರುಕು ಚೆನ್ನ. ತಂಪಾಗಿರಬೇಕು, ಆದರೆ ಮಂಜಿನಂತಲ್ಲ. 10ರಿಂದ 12 ಡಿಗ್ರಿ ಶಾಖ ಹಿತ. ಅದಕ್ಕಿಂತ ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ. ಮೀನಿನ ಮೇಲಿನ ಹುಳಿ ವೈನಿನ ಹುಳಿಯನ್ನು ಮೀರಬಾರದು. ಮೀರಿದರೆ ವೈನ್ ನೀರಿನಂತೆ ಸಪ್ಪೆಯಾಗುತ್ತದೆ. ಆದ್ದರಿಂದಲೇ ನಿಂಬೆರಸದಲ್ಲಿ ನೆನೆಸಿದ ಹಸಿ ಆಂಚೊವಿಯನ್ನು ಬಡಿಸುವ ಮುನ್ನ ರಸವನ್ನು ಬಸಿದು ಮೇಲೆ ಆಲಿವ್ ಎಣ್ಣೆಯನ್ನು ಎರೆಯುತ್ತಾರೆ. ಹುರಿದ ಮೀನಿಗೆ ಈ ವೈನ್ ಒಪ್ಪುತ್ತದೆ, ಲಾ ಸ್ಪೇಜಿಯಾ ಕೊಲ್ಲಿಯಲ್ಲಿ ಬೆಳೆಸುವ ನೀಲಿಕಪ್ಪು ಚಿಪ್ಪುಮೀನಿಗೂ ಒಪ್ಪುತ್ತದೆ. ಉಪ್ಪಿನ ಆಂಚೊವಿಗೆ ಬೆಣ್ಣೆ ಸವರಿದ ರೊಟ್ಟಿ ನಡುವೆ ಬಂದರೆ ಮೂವರೂ ಸ್ನೇಹಿತರೇ. ವೈನ್ ಮಾತ್ರ ಊಟದ ಜೊತೆಗಾರನೇ ಹೊರತು ಊಟಕ್ಕೆ ಬದಲಲ್ಲ. ಚಿಕ್ಕ ಬಟ್ಟಲೇ ಅದಕ್ಕೆ ತಕ್ಕ ಅಳತೆ.

ಇಟಲಿಯ ಬೇರೆ ತೀರಗಳಲ್ಲಿಯೂ ಇಂತಹ ದಾಂಪತ್ಯಗಳುಂಟು. ಪೂರ್ವದ ಆಡ್ರಿಯಾಟಿಕ್ ದಡದ ಅಂಕೋನಾದಲ್ಲಿ ಹಲವು ಮೀನುಗಳನ್ನು ಕೂಡಿಸಿ ಬೇಯಿಸುವ 'ಬ್ರೊದೆತ್ತೊ' ಸಾರಿಗೆ ಒಳನಾಡಿನ ಗುಡ್ಡಗಳ ವೆರ್ದೀಕ್ಯೊ ವೈನ್ ಜೊತೆ. ವೆನಿಸ್ಸಿನ ಹಿನ್ನೀರಿನ ಮೀನಿಗೆ ವೆರೋನಾದ ಬಳಿಯ ಸೊವಾವೆ. ಎಲ್ಲೆಡೆಯೂ ಸೂತ್ರ ಒಂದೇ: ಹತ್ತಿರದ ಬೆಟ್ಟ ಹತ್ತಿರದ ಕಡಲಿಗೆ ಹೆಣ್ಣು ಕೊಟ್ಟಿದೆ.

ಗೋಡೆ ಕುಸಿದಾಗ

ಇಷ್ಟು ಸೊಗಸಾದ ಸಂಸಾರಕ್ಕೆ ಕೇಡು ಎಲ್ಲಿಂದ ಬಂತು? ಮೊದಲನೆಯದು, ಕೂಲಿಯ ಆಸೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲಾ ಸ್ಪೇಜಿಯಾದಲ್ಲಿ ನೌಕಾಪಡೆಯ ದೊಡ್ಡ ಕಾರ್ಖಾನೆ ನಿಂತಿತು. ರೈಲೂ ಬಂದಿತ್ತು. ಮಂಡಿಯೂರಿ ದ್ರಾಕ್ಷಿ ಕೊಯ್ಯುವ ಮಗನು ತಿಂಗಳ ಸಂಬಳದ ಕಡೆಗೆ ತಿರುಗಿದರೆ ಅವನನ್ನು ದೂರುವವರಾರು? ಎರಡನೆಯದು, ಬಳ್ಳಿಯ ಬೇರನ್ನು ತಿನ್ನುವ ಫೈಲಾಕ್ಸೆರಾ ಎಂಬ ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಚಿಕ್ಕ ಹುಳು. ಯೂರೋಪಿನ ತೋಟಗಳನ್ನೆಲ್ಲ ಹಾಳುಮಾಡಿದ ಆ ಪಿಡುಗು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಲ್ಲಿಗೂ ಬಂತು. ಅಮೆರಿಕದ ಬೇರಿಗೆ ಕಸಿಮಾಡಿ ಮತ್ತೆ ತೋಟ ಎಬ್ಬಿಸುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಮೂರನೆಯದು ವಿಚಿತ್ರವಾದುದು: ಸೌಂದರ್ಯವೇ ತಂದ ಕೇಡು. ಮೆಟ್ಟಿಲುಬೆಟ್ಟವನ್ನು ನೋಡಲು ಲೋಕವೇ ಬಂತು. ನಾಲ್ಕು ಸಾವಿರಕ್ಕೂ ಕಡಿಮೆ ಜನರಿರುವ ಈ ಊರುಗಳಿಗೆ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಪ್ರವಾಸಿಗಳು ಬರುತ್ತಾರೆ. ಅಜ್ಜನ ತೋಟ ವರ್ಷವೆಲ್ಲ ದುಡಿದು ಕೊಡುವ ಹಣವನ್ನು ಅಜ್ಜನ ಕೋಣೆ ಕೆಲವು ವಾರಗಳ ಬಾಡಿಗೆಯಲ್ಲಿ ಕೊಡುತ್ತದೆ. ಹೀಗಾಗಿ ಜನ ನೋಡಲು ಬರುವ ಬೆಟ್ಟವನ್ನು ನೋಡಿಕೊಳ್ಳುವವರೇ ಕಡಿಮೆಯಾದರು. ಒಂದು ಕಾಲಕ್ಕೆ ಬೆಟ್ಟದ ಮೈಯನ್ನೆಲ್ಲ ಹೊದೆದಿದ್ದ ದ್ರಾಕ್ಷಿ ಈಗ ಸುಮಾರು 100 ಹೆಕ್ಟೇರಿಗೆ ಇಳಿದಿದೆ.

ಬಿಟ್ಟ ತೋಟ ಸುಮ್ಮನಿರುವುದಿಲ್ಲ. ಗೋಡೆಯಿಂದ ಒಂದು ಕಲ್ಲು ಜಾರಿದಾಗ ಅದನ್ನು ಎತ್ತಿ ಸ್ವಸ್ಥಾನದಲ್ಲಿಡುವ ಕೈಯಿಲ್ಲದಿದ್ದರೆ, ಮುಂದಿನ ಮಳೆಗೆ ಹತ್ತು ಕಲ್ಲುಗಳು ಜಾರುತ್ತವೆ. ಹಿಂದೆ ಹಿಡಿದಿಟ್ಟ ಮಣ್ಣು ಬಿಡುಗಡೆ ಹೊಂದುತ್ತದೆ.

2011ರ ಅಕ್ಟೋಬರ್ 25ರಂದು ಅದರ ಲೆಕ್ಕ ಒಪ್ಪಿಸಬೇಕಾಯಿತು. ಆ ದಿನ ಕೆಲವೇ ಗಂಟೆಗಳಲ್ಲಿ ತಿಂಗಳುಗಟ್ಟಲೆ ಸುರಿಯಬೇಕಾದ ಮಳೆ ಸುರಿಯಿತು. ಬೆಟ್ಟ ನೂರಾರು ಕಡೆಗಳಲ್ಲಿ ಜರಿಯಿತು. ವೆರ್ನಾಟ್ಸಾದ ಮುಖ್ಯ ಬೀದಿಯ ಅಡಿಯಲ್ಲಿ ಮುಚ್ಚಿದ ಕಾಲುವೆಯಾಗಿ ಹರಿಯುತ್ತಿದ್ದ ತೊರೆ ಉಕ್ಕಿ, ಕಲ್ಲು, ಮಣ್ಣು, ಮರ, ಮೋಟಾರುಗಾಡಿಗಳನ್ನು ಉರುಳಿಸಿಕೊಂಡು ಬೀದಿಯ ಮೇಲೆಯೇ ಕಡಲಿಗೆ ನುಗ್ಗಿತು. ಅಂಗಡಿಗಳ ಬಾಗಿಲುಗಳು ಮೇಲಂಚಿನವರೆಗೆ ಕೆಸರಿನಲ್ಲಿ ಹೂತವು. ವೆರ್ನಾಟ್ಸಾದಲ್ಲಿ ಮೂವರು, ಮೊಂತೆರೊಸ್ಸೊದಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಊರನ್ನೇ ತೆರವು ಮಾಡಬೇಕಾಯಿತು. ಅಷ್ಟು ಮಳೆಗೆ ಯಾವ ಬೆಟ್ಟವಾದರೂ ನಡುಗೀತು, ನಿಜ. ಆದರೆ ಅನಂತರ ಜರಿತಗಳನ್ನು ಅಳೆದ ತಜ್ಞರು ಒಂದು ಮಾತನ್ನು ಗುರುತಿಸಿದರು: ಉತ್ತು ನೋಡಿಕೊಳ್ಳುತ್ತಿದ್ದ ಮೆಟ್ಟಿಲುಗಳಿಗಿಂತ, ಕೈಬಿಟ್ಟು ಇನ್ನೂ ಕಾಡಾಗಿ ಬೆಳೆಯದ ಮೆಟ್ಟಿಲುಗಳೇ ಹೆಚ್ಚು ಜರಿದಿದ್ದವು. ಗೋಡೆಯ ಕಾವಲು ಹೋಗಿತ್ತು. ಬೇರಿನ ಹಿಡಿತ ಇನ್ನೂ ಬಂದಿರಲಿಲ್ಲ.

ಮೆಲ್ಲಗೆ ಕೆಸರು ತೆಗೆದರು. ಊರು ಮತ್ತೆ ಬಾಗಿಲು ತೆರೆಯಿತು. ಈ ನೆಲದ ಬೆಲೆಯನ್ನು ಲೋಕ ಅರಿಯದೆ ಇರಲಿಲ್ಲ. 1997ರಲ್ಲಿಯೇ ಯುನೆಸ್ಕೊ ಸಂಸ್ಥೆ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತ್ತು; 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಗಿತ್ತು. ಕಾಡುಮೃಗಗಳಿಗಾಗಿ ಅಲ್ಲ, ಮನುಷ್ಯ ಕಟ್ಟಿದ ಗೋಡೆಗಳಿಗಾಗಿ ಹೆಸರಾದ ರಾಷ್ಟ್ರೀಯ ಉದ್ಯಾನ ಇದು. 2018ರಲ್ಲಿ ಇಟಲಿಯೂ ಸೇರಿ ಎಂಟು ದೇಶಗಳ ಗಾರೆಯಿಲ್ಲದ ಗೋಡೆಕಟ್ಟುವ ಕಲೆಗೇ ಯುನೆಸ್ಕೊದ ಮನ್ನಣೆ ದೊರೆಯಿತು. ಆದರೆ ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಗೋಡೆ ನಿಲ್ಲುವುದಿಲ್ಲ. ಬೆಳಗ್ಗೆ ಎದ್ದು ಮೆಟ್ಟಿಲು ಹತ್ತುವ ಕಾಲುಗಳು ಬೇಕು.

ಅಂತಹ ಕಾಲುಗಳು ಇನ್ನೂ ಇವೆ. ಒಂದೇ ಹಳಿಯ ಮೇಲೆ ಹಲ್ಲುಚಕ್ರದ ಸಹಾಯದಿಂದ ಕಡಿದಾದ ಇಳಿಜಾರನ್ನು ಏರುವ ಪುಟ್ಟ ಬಂಡಿಗಳು ತೋಟಗಳಿಗೆ ಬಂದ ಮೇಲೆ ಬುಟ್ಟಿ ಹೊರುವ ಭಾರ ಕೊಂಚ ತಗ್ಗಿದೆ. ಸುಗ್ಗಿಯ ಸೆಪ್ಟೆಂಬರಿನಲ್ಲಿ ಆ ಬಂಡಿಗಳು ದ್ರಾಕ್ಷಿಯ ಪೆಟ್ಟಿಗೆಗಳನ್ನು ಹೊತ್ತು, ಗಡಗಡ ಸದ್ದಿನೊಡನೆ ಪ್ರಪಾತದ ಅಂಚಿನಲ್ಲಿ ತೆವಳುವುದನ್ನು ಕಂಡರೆ ನಗೆಯೂ ಬರುತ್ತದೆ, ಎದೆಯೂ ಝಲ್ಲೆನ್ನುತ್ತದೆ. ಮನರೋಲಾದ ಮೇಲಿನ ಗ್ರೊಪ್ಪೊ ಎಂಬಲ್ಲಿ ಬೆಳೆಗಾರರ ಸಹಕಾರ ಸಂಘವಿದೆ. ಅಂಗೈಯಗಲದ ತೋಟದವರು ತಂತಮ್ಮ ಪೆಟ್ಟಿಗೆಗಳನ್ನು ಅಲ್ಲಿಗೆ ತಂದೊಪ್ಪಿಸುತ್ತಾರೆ. ವೈನ್ ಅಲ್ಲಿ ಒಂದಾಗಿ ತಯಾರಾಗುತ್ತದೆ. ಬಯಲುನಾಡಿನ ವೈನಿಗಿಂತ ಇದರ ಬೆಲೆ ಹೆಚ್ಚು. ಕೊಳ್ಳುವವರು ಕೆಲವೊಮ್ಮೆ ಗೊಣಗುವುದೂ ಉಂಟು. ಆದರೆ ಆ ಬೆಲೆಯಲ್ಲಿ ದ್ರಾಕ್ಷಿಯ ಪಾಲೆಷ್ಟು, ಜಾರಿದ ಕಲ್ಲನ್ನು ಎತ್ತಿಟ್ಟ ಕೂಲಿಯ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ ಗೊಣಗು ನಿಂತೀತು.

ಸಂಜೆ ವೆರ್ನಾಟ್ಸಾದ ಕಿರುಬಂದರಿನಲ್ಲಿ ಬಿಸಿಲು ಹಿಂಜರಿಯುತ್ತದೆ. ಕೊನೆಯ ದೋಣಿಯ ಪ್ರವಾಸಿಗಳು ಹೊರಟುಹೋಗುತ್ತಾರೆ. ಕಡಲಂಚಿನ ಹಳೆಯ ಇಗರ್ಜಿಯ ಗಂಟೆ ಬಡಿಯುತ್ತದೆ. ಬೀದಿಯ ಮೇಲುಮನೆಯೊಂದರ ಕಿಟಕಿಯಿಂದ ಬೆಳ್ಳುಳ್ಳಿ, ಟೊಮೆಟೊ, ಬೇಯುವ ಮೀನಿನ ಹದವಾದ ವಾಸನೆ ಇಳಿದು ಬರುತ್ತದೆ. ಒಳಗೆ ತ್ಯಾನ್ ಒಲೆಯಿಂದ ಹೊರಬಂದಿದೆ. ಮುದುಕನೊಬ್ಬನು ಮೇಜಿನ ತಲೆಯಲ್ಲಿ ಕುಳಿತು, ತನ್ನ ಬೆಟ್ಟದ ತಿಳಿಯಾದ ವೈನನ್ನು ಚಿಕ್ಕ ಬಟ್ಟಲಿಗೆ ಬಗ್ಗಿಸುತ್ತಾನೆ. ಅವನ ಬೆರಳುಗಳ ಗಿಣ್ಣುಗಳು ಕಲ್ಲಿನಂತೆ ಒರಟು. ಮೀನಿಗೆ ಯಾವ ವೈನ್ ತಕ್ಕದ್ದೆಂಬ ಪ್ರಶ್ನೆ ಅವನಿಗೆ ಎಂದೂ ಹುಟ್ಟಿದ್ದಿಲ್ಲ. ನಾಳೆ ಬೆಳಗ್ಗೆ ಮೇಲಿನ ಮೂರನೆಯ ಮೆಟ್ಟಿಲಿನಲ್ಲಿ ಉಬ್ಬಿನಿಂತಿರುವ ಗೋಡೆಯನ್ನು ಬಿಚ್ಚಿ ಕಟ್ಟಲು ಮೊಮ್ಮಗನು ಜೊತೆಗೆ ಬರುವನೋ ಇಲ್ಲವೋ ಎಂಬುದೊಂದೇ ಅವನ ಪ್ರಶ್ನೆ. ಮೊಮ್ಮಗನು ತಟ್ಟೆಯಿಂದ ತಲೆಯೆತ್ತದೆಯೇ, 'ಎಷ್ಟು ಗಂಟೆಗೆ?' ಎನ್ನುತ್ತಾನೆ. ಮುದುಕನು ಉತ್ತರ ಹೇಳುವ ಮುನ್ನ ಬಟ್ಟಲನ್ನು ಎತ್ತಿ ಒಂದು ಗುಟುಕು ಕುಡಿಯುತ್ತಾನೆ.